ಎರಡು ಸೀಟಿ

ದಾಂಡೇಲಿ
೨ ಫೆಬ್ರುವರಿ ೨೦೨೫, ಭಾನುವಾರ

ಹಜರಾಬಿ ಅವರಿಗೆ,

ಸಂಜೆ ಏಳು ಗಂಟೆ. ಇವತ್ತು ನಮ್ಮ ಪಾರ್ಕಿಂಗ್ ಬಯಲಿಗೆ ನೂರಾ ಹದಿನೆಂಟು ಗಾಡಿ ಬಂದವು. ಎಲ್ಲ ಹೊಳೆಗೆ ಇಳಿಯುವ ಪ್ರವಾಸಿಗಳು. ಕೋಗಿಲಬನದ ರಸ್ತೆ ಮಧ್ಯಾಹ್ನದವರೆಗೆ ತುಂಬಿಕೊಂಡೇ ಇತ್ತು. ಕೊನೆಯ ಗಾಡಿ ಕಳಿಸಿ, ಕೈಕಾಲು ತೊಳೆದು ಕೂತಿದ್ದೇನೆ.

ನಿಮ್ಮ ನಾಲ್ಕು ಪತ್ರ ಬಂದಿವೆ. ನಾಲ್ಕನ್ನೂ ಓದಿದ್ದೇನೆ. ಉತ್ತರ ಬರೆಯದೆ ಇದ್ದದ್ದು ಬೇಕಂತಲೇ. ನಿಮ್ಮ ಮಗ ಇಮ್ರಾನ್ ಟೆಂಪೋ ಹಿಂದಕ್ಕೆ ತೆಗೆದುಕೊಳ್ಳುವಾಗ ನನ್ನ ಗಂಡ ಅಂತೋನಿ ಅದರ ಹಿಂದೆ ಸಿಕ್ಕು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ನೀವು ಪ್ರತಿ ಪತ್ರದಲ್ಲೂ ಒಂದೇ ಕೇಳುತ್ತೀರಿ: ಅವರಿಗೆ ಯಾವ ಊಟ ಸೇರುತ್ತಿತ್ತು, ಅವರ ಹೆಸರಿನಲ್ಲಿ ನಾಲ್ಕು ಜನಕ್ಕೆ ಉಣಿಸಬೇಕು ಎಂದು. ನನ್ನ ಮೈದುನ ಕಾಯತಾನ ಹೇಳುತ್ತಾನೆ: "ವೈನಿ, ಊಟದ ಮಾತು ಮುಂದ ಮಾಡಿ ಕೋರ್ಟಿನ ಮಾತು ಹಿಂದ ಇಟ್ಟಾರ. ನಿನ್ನ ಸಾಕ್ಷಿ ತಿರುವಾಕ ಹೊಂಟಾರ."

ಅದಕ್ಕೇ ತಿಳಿಸುತ್ತಿದ್ದೇನೆ. ಆ ದಿನ ನಾನು ಗೇಟಿನಲ್ಲಿ ಪಾವತಿ ಚೀಟಿ ಹರಿದು ಕೊಡುತ್ತಿದ್ದೆ. ಒಳಗೆ ಸೀಟಿ ಹಿಡಿದು ಗಾಡಿ ನಿಲ್ಲಿಸುತ್ತಿದ್ದ ಅಂತೋನಿ ಗಾಡಿಗಳ ಮರೆಯಲ್ಲಿ ಕಾಣಲಿಲ್ಲ. ಆದರೆ ಅವರು ಎರಡು ಸೀಟಿ ಊದಿದ್ದು ನನ್ನ ಕಿವಿಗೆ ಕೇಳಿತು. ಎರಡು ಸೀಟಿ ಅಂದರೆ ನಿಲ್ಲು. ನಿಮ್ಮ ಮಗ ನಿಲ್ಲಲಿಲ್ಲ. ಪೊಲೀಸರಿಗೆ ಇದನ್ನೇ ಬರೆಸಿದ್ದೇನೆ, ಏಪ್ರಿಲ್ ಏಳಕ್ಕೆ ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ. "ಅವರು ಕರೆದರು, ನಾನು ಬಂದೆ" ಎಂದು ಅವನು ಬರೆಸಿದ್ದು ಸುಳ್ಳು. ಅವನೂ ನಮ್ಮ ಹಾಗೆ ಸಿದ್ದಿ ಜನದವನು. ಅದಕ್ಕೇ ಹೆಚ್ಚು ನೋವು.

ಇನ್ನು ಬರೆಯಬೇಡಿ. ಈ ತಿಂಗಳ ಕೊನೆಗೆ ನಮ್ಮ ಗುತ್ತಿಗೆದಾರರು ನನ್ನನ್ನು ಪುಣೆಗೆ ಕಳಿಸುತ್ತಿದ್ದಾರೆ. ಬರೆದರೂ ಓದಲು ನಾನು ಇಲ್ಲಿ ಇರುವುದಿಲ್ಲ.

ನಾಳೆ ಬೆಳಿಗ್ಗೆ ಇದನ್ನು ಟಪಾಲಿಗೆ ಹಾಕುತ್ತೇನೆ.

ಸೆಲಿನ್


ಮುಂಡಗೋಡ
೯ ಫೆಬ್ರುವರಿ ೨೦೨೫

ತಂಗಿ ಸೆಲಿನ್,

ಬರೀಬ್ಯಾಡ ಅಂದಿ. ಇದೊಂದು ಬರದು ಸುಮ್ಮ ಆಗ್ತೇನಿ.

ನೀ ನಿನ್ನ ಕಿವಿಲೆ ಕೇಳಿದ್ದನ್ನ ಹೇಳು. ಅದನ್ನ ಬ್ಯಾಡ ಅನ್ನಾಕ ನಾ ಯಾರು? ಊಟ ಕೇಳಿದ್ದು ಊಟಕ್ಕ. ನಾ ಏಳನೇತ್ತಾ ತನಕ ಕಲತಾಕಿ. ಒಳಗೊಂದು ಇಟಗೊಂಡು ಹೊರಗೊಂದು ಬರಿಯೂವಷ್ಟು ಸಾಲಿ ಕಲತಿಲ್ಲ.

ಪುಣೆಕ್ಕ ಹೊಂಟಿ ಅಂತ ತಿಳೀತು. ಬಸ್ಸಿನಾಗ ಹಿಂದಿನ ಗಾಲಿ ಮ್ಯಾಲಿನ ಸೀಟು ಹಿಡೀಬ್ಯಾಡ, ಕಾಲು ಚಾಚಾಕ ಬರಂಗಿಲ್ಲ, ಮೈ ಕುಲುಕತೈತಿ. ಮುಂದಿನಿಂದ ಮೂರನೇ ಸಾಲು ಛಲೋ. ಬೆಳಗಾವಿಯೊಳಗ ಚಾ ಕುಡ್ಯಾಕ ಇಳದರ ಬಸ್ಸಿನ ನಂಬರ ನೋಡಕೊಂಡು ಇಳಿ. ಒಂದು ಶಾಲು ಒಯ್ಯಿ.

ಒಬ್ಬಾಕೀನ ಹೊಂಟಿಯೇನು? ಹುಷಾರ.

ಹಜರಾಬಿ


ಪುಣೆ
೨೧ ಫೆಬ್ರುವರಿ ೨೦೨೫, ಶುಕ್ರವಾರ

ಹಜರಾಬಿಯವರಿಗೆ,

ಸಂಜೆ ಆರೂವರೆ. ಇವತ್ತು ಇಡೀ ದಿನ ದೊಡ್ಡ ಹಾಲಿನಲ್ಲಿ ಇದ್ದೆ. ಕಾಲಿಗೆ ಮೆತ್ತನೆಯ ಹಾಸು, ತಲೆಗೆ ತಣ್ಣನೆಯ ಗಾಳಿ. ಶಾಲು ಕೆಲಸಕ್ಕೆ ಬಂತು.

ಬರೆಯಬೇಡಿ ಎಂದವಳೇ ಬರೆಯುತ್ತಿದ್ದೇನೆ. ಇಂಥ ಸುದ್ದಿಯನ್ನು ನಾನು ಅಂತೋನಿಗೆ ಹೇಳುತ್ತಿದ್ದೆ. ಅವರು ಹೋದ ಮೇಲೆ ಒಂದು ವಹಿಯಲ್ಲಿ ದಿನಾ ಬರೆದುಕೊಳ್ಳುತ್ತೇನೆ. ಆ ವಹಿ ಮನೆಯಲ್ಲೇ ಉಳಿಯಿತು. ಚೀಲದಲ್ಲಿ ನಿಮ್ಮ ಪತ್ರ ಇತ್ತು, ಅದರ ಮೇಲೆ ವಿಳಾಸ ಇತ್ತು. ಮೂರನೇ ಸಾಲಿನಲ್ಲೇ ಕೂತು ಬಂದೆ.

ಇದು ಪಾರ್ಕಿಂಗ್ ನಡೆಸುವವರ ಸಮ್ಮೇಳನ. ಪಾವತಿ ಕೊಡುವ ಮಶೀನು ಮಾರಿದ ಕಂಪನಿ ನಮ್ಮ ಗುತ್ತಿಗೆದಾರ ಅಂದಾನೆಪ್ಪ ಅವರಿಗೆ ಪಾಸು ಕೊಟ್ಟಿತ್ತು. "ನನಗ ಮಂಡಿ ನೋವು. ನೀನ ಹೋಗಿ ಎರಡು ದಿನ ಚೊಲೋತ್ನ್ಯಾಂಗ ಉಂಡು ಬಾ" ಎಂದು ನನ್ನ ಕೈಗೆ ಹಾಕಿದರು. ಬಾಗಿಲಲ್ಲಿ ಕೊರಳಿಗೆ ಹೆಸರಿನ ಚೀಟಿ ಕಟ್ಟಿದರು. ಹೆಸರಿನ ಕೆಳಗೆ "ಆಪರೇಟರ್" ಎಂದು ಅಚ್ಚಾಗಿತ್ತು. ಹನ್ನೊಂದು ವರ್ಷ ಗೇಟಿನಲ್ಲಿ ನಿಂತಿದ್ದೇನೆ. ನನ್ನ ಕೆಲಸಕ್ಕೂ ಒಂದು ಹೆಸರು ಇದೆ ಎಂದು ಗೊತ್ತಿರಲಿಲ್ಲ.

ಕೋಟು ಹಾಕಿದ ಒಬ್ಬರು ಬಂದು, ನನ್ನ ಗುಂಗುರು ಕೂದಲು ನೋಡಿ ಹಿಂದಿಯಲ್ಲಿ "ಯಾವ ದೇಶದಿಂದ ಬಂದಿರಿ?" ಎಂದು ಕೇಳಿದರು. "ಹಳಿಯಾಳ ತಾಲೂಕು" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ನಂಬರು ಓದುವ ಕ್ಯಾಮೆರಾ ನೋಡಿದೆ. ಕಪಾಟಿನಲ್ಲಿ ಪಾತ್ರೆ ಜೋಡಿಸಿದ ಹಾಗೆ ಏಳು ಅಂತಸ್ತಿನಲ್ಲಿ ಕಾರು ಜೋಡಿಸುವ ಕಟ್ಟಡದ ಮಾದರಿ ನೋಡಿದೆ. ಅವು ನಮ್ಮ ಊರಿಗೆ ಬರುವಂಥವಲ್ಲ. ಮಧ್ಯಾಹ್ನ ಒಂದು ಸಣ್ಣ ಕೋಣೆಯಲ್ಲಿ ನಮ್ಮಂಥವರಿಗೇ ಪಾಠ ಇತ್ತು. ಹನ್ನೆರಡು ಜನ ಇದ್ದೆವು. ಕಲಿಸುವವರು ನಾಸಿಕದ ಸ್ವಪ್ನಾ ಎಂಬವರು. ಗಾಡಿಯನ್ನು ಬಂದ ಕೂಡಲೇ ಹಿಂದಕ್ಕೆ ಹಾಕಿ ನಿಲ್ಲಿಸಬೇಕಂತೆ, ಹೋಗುವಾಗ ಮುಂದೆ ನೋಡಿಕೊಂಡು ಹೋಗಬಹುದು. ನಮ್ಮಲ್ಲಿ ಉಲ್ಟಾ. ಮೂತಿ ಒಳಗೆ ತೂರಿಸಿ ನಿಲ್ಲಿಸುತ್ತಾರೆ. ಹೋಗುವಾಗ, ಜನ ಎಲ್ಲ ಹೊಳೆಯಿಂದ ತಿರುಗಿ ಬರುವ ಹೊತ್ತಿಗೆ, ಹಿಂದಕ್ಕೆ ತೆಗೆಯುತ್ತಾರೆ. ಇಷ್ಟು ಸಣ್ಣ ಮಾತು. ಹನ್ನೊಂದು ವರ್ಷ ನನಗೆ ಹೊಳೆಯಲಿಲ್ಲ.

ನಿಮ್ಮ ನಿಮ್ಮ ಬಯಲಿನ ನಕ್ಷೆ ಬರೆಯಿರಿ ಎಂದು ಹಾಳೆ ಕೊಟ್ಟರು. ನಾನು ಗೇಟು, ಮಾವಿನ ಮರ, ಹೊಳೆಯ ದಾರಿ, ಗಾಡಿಯ ಸಾಲು ಬರೆದೆ. ಸ್ವಪ್ನಾ ಅವರು ಬಗ್ಗಿ ನೋಡಿ, "ಇದರಲ್ಲಿ ಮನುಷ್ಯ ಎಲ್ಲಿ ನಡೆಯಬೇಕು?" ಎಂದು ಕೇಳಿದರು. ಮನುಷ್ಯ ನಡೆಯುವ ಜಾಗವನ್ನೇ ನಾನು ಬಿಟ್ಟಿರಲಿಲ್ಲ.

ಆಮೇಲೆ ಒಂದು ಸಂಗತಿ ಆಯಿತು. ಅದನ್ನು ಈಗ ಬರೆಯಲಾರೆ. ನಿಮ್ಮನ್ನು ಒಂದು ಮಾತು ಕೇಳಬೇಕು. ಇಮ್ರಾನನ ತಂದೆ ಏನು ಕೆಲಸ ಮಾಡುತ್ತಿದ್ದರು? ಅವನು ಗಾಡಿ ಕಲಿತದ್ದು ಯಾರ ಕೈಕೆಳಗೆ? ದಯವಿಟ್ಟು ಉತ್ತರ ಕೊಡಿ.

ನಾಳೆ ಮಧ್ಯಾಹ್ನ ಸಮ್ಮೇಳನ ಮುಗಿಯುತ್ತದೆ.

ಸೆಲಿನ್


ಮುಂಡಗೋಡ
೨ ಮಾರ್ಚ್ ೨೦೨೫

ತಂಗಿ ಸೆಲಿನ್,

ಇವತ್ತು ಮೊದಲನೇ ರೋಜಾ. ಬಾಯಿ ಒಣಗಿದಾಗ ಸಿಟ್ಟಿಲೆ ಬರೀಬಾರದು ಅಂತ ರೋಜಾ ಬಿಟ್ಟ ಮ್ಯಾಲೆ ಕುಂತೇನಿ. ಆದರೂ ಸಿಟ್ಟು ಐತಿ, ಸುಳ್ಳು ಯಾಕ ಹೇಳಲಿ.

ನಮ್ಮ ಮನೆತನ ಎಂಥಾದ್ದು ಅಂತ ಕೇಳಿದಿ. ತಂದಿ ಕುಡುಕ ಇದ್ದನೋ, ಮಗಾ ಲೈಸೆನ್ಸ್ ರೊಕ್ಕಾ ಕೊಟ್ಟು ತಗೊಂಡಾನೋ ಅಂತ ನಿನಗ ತಿಳೀಬೇಕು. ಹೌದಲ್ಲ? ಕೇಳು ಹಂಗಾರ. ನನ್ನ ಯಜಮಾನರು ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಇದ್ದರು. ಒಂದು ಮೆಮೊ ಸುದ್ದಾ ಬಂದಿದ್ದಿಲ್ಲ. ಇಮ್ರಾನ ಸಣ್ಣಾಂವ ಇದ್ದಾಗ ಸಾಲಿ ಸೂಟಿ ಬಿಟ್ಟರ ಅಪ್ಪನ ಬಸ್ಸಿನಾಗ ಇರ್ತಿದ್ದ. ಮನ್ಯಾಗೂ ಅಪ್ಪಾ ಮಗಾ ಸೀಟೀಲೇ ಮಾತಾಡವರು. ಒಂದು ಊದಿದರ ರೊಟ್ಟಿ ಸಾಕು, ನಿಲ್ಲಸು. ಎರಡು ಊದಿದರ ಹೋಗಲಿ, ಇನ್ನೊಂದು ಹಾಕು. "ಇದು ಮನಿಯೋ ಡಿಪೋನೋ" ಅಂತ ನಾ ಲಟ್ಟಣಗಿ ತೋರಸ್ತಿದ್ದೆ. ಡ್ರೈವಿಂಗ್ ಕಲಿಸಿದವರೂ ಅವರ ಡಿಪೋದ ಡ್ರೈವರ ಒಬ್ಬರು. ಯಜಮಾನರು ತೀರಿಕೊಂಡು ಆರು ವರ್ಷ ಆತು. ಇದನ್ನೆಲ್ಲಾ ನೋಡಾಕ ಅವರು ಇಲ್ಲ.

ಇಮ್ರಾನ ಅವತ್ತಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಪಂಕ್ಚರ್ ಅಂಗಡ್ಯಾಗ ಕೆಲಸ ಮಾಡ್ತಾನ. ಯಾರರ ಗಾಡಿ ಹಿಂದ ತಗೊಂಡರ ಎದ್ದು ಒಳಗ ಹೋಗಿ ನಿಂತಬಿಡ್ತಾನಂತ. ಇದನ್ನ ನಿನಗ ಬರೀಬಾರದು ಅಂತಿದ್ದೆ. ಬರದುಬಿಟ್ಟೆ.

ಸಾಕಲ್ಲ ಇಷ್ಟು?

ಹಜರಾಬಿ


ದಾಂಡೇಲಿ
೯ ಮಾರ್ಚ್ ೨೦೨೫, ಭಾನುವಾರ

ಹಜರಾಬಿ ಅಮ್ಮನಿಗೆ,

ರಾತ್ರಿ ಎಂಟು ಗಂಟೆ. ಇವತ್ತು ಕಡಿಮೆ ಗಾಡಿ, ತೊಂಬತ್ತು. ಬೆಳಿಗ್ಗೆ ಇಗರ್ಜಿಗೆ ಹೋಗಿದ್ದೆ. ನಮ್ಮದೂ ಉಪವಾಸದ ದಿನಗಳು ಶುರುವಾಗಿವೆ.

ನಿಮ್ಮ ಮನೆತನ ಅಳೆಯಲು ನಾನು ಕೇಳಲಿಲ್ಲ. ಪುಣೆಯಲ್ಲಿ ಆದದ್ದನ್ನು ಬರೆಯುತ್ತೇನೆ, ಓದಿ.

ಪಾಠದ ಕೊನೆಗೆ ಸ್ವಪ್ನಾ ಅವರು ಎಲ್ಲರಿಗೂ ಒಂದೊಂದು ಸೀಟಿ ಕೊಟ್ಟರು. ಒಬ್ಬರು ಗಾಡಿ ಆಗಬೇಕು, ಬೆನ್ನು ಮಾಡಿ ಹಿಂದಕ್ಕೆ ನಡೆಯಬೇಕು. ಇನ್ನೊಬ್ಬರು ಸೀಟಿ ಊದಿ ನಿಲ್ಲಿಸಬೇಕು. ನನ್ನ ಪಾಳಿ ಬಂದಾಗ ಗಾಡಿ ಆದವರು ಕೊಲ್ಲಾಪುರದ ಜ್ಯೋತಿಬಾ. ಐವತ್ತು ದಾಟಿದ ಮನುಷ್ಯ, ಹೊಟ್ಟೆ ಮುಂದೆ, ಮೊದಲು ಬಸ್ ಕಂಡಕ್ಟರ್ ಇದ್ದವರು. "ನನ್ನದು ಹಳೇ ಗಾಡಿ, ಬ್ರೇಕು ನಿಧಾನ" ಎಂದು ಎಲ್ಲರನ್ನೂ ನಗಿಸಿ, ಹಿಂದೆ ಹಿಂದೆ ಬಂದರು. ನಾನು ಎರಡು ಸೀಟಿ ಊದಿದೆ. ಅವರು ನಿಲ್ಲಲಿಲ್ಲ. ಇನ್ನೂ ಜೋರಾಗಿ ಎರಡು ಊದಿದೆ. ಅವರು ಇನ್ನೂ ಬೇಗ ಬಂದು ಬೆನ್ನನ್ನು ನನಗೆ ತಾಗಿಸಿಯೇ ನಿಂತರು. "ಯಾಕೆ ನಿಲ್ಲಲಿಲ್ಲ?" ಎಂದೆ. ಅವರು ತಿರುಗಿ ನೋಡಿ, "ನೀವೇ ಕರೆದಿರಲ್ಲ ತಾಯಿ, ಬಂದೆ" ಎಂದರು.

ಕೋಣೆ ತುಂಬ ನಗು. ನಿಮ್ಮೂರಿಗೆ ಗಾಡಿ ತಂದರೆ ನಾನು ಸತ್ತ ಹಾಗೇ ಎಂದು ಅವರು ಇನ್ನಷ್ಟು ನಗಿಸಿದರು. ಅವರಿಗೆ ಏನು ಗೊತ್ತು, ಪಾಪ. ನಾನು ಹೊರಗೆ ಹೋಗಿ ನೀರಿನ ನಲ್ಲಿ ಹಿಡಿದುಕೊಂಡು ನಿಂತೆ.

ಅಂತೋನಿ ಚಿಕ್ಕಂದಿನಲ್ಲಿ ಬಿದಿರು ಡಿಪೋದಲ್ಲಿ ಲಾರಿ ತುಂಬಿಸುತ್ತಿದ್ದರು. ಅಲ್ಲಿ ಒಂದು ಉದ್ದ ಸೀಟಿ ಊದಿದರೆ ಬಾ, ಎರಡು ಚಿಕ್ಕ ಸೀಟಿ ಊದಿದರೆ ನಿಲ್ಲು. ಆ ರೂಢಿಯನ್ನೇ ಅವರು ನಮ್ಮ ಬಯಲಿಗೆ ತಂದರು. ನನಗೆ ಕಲಿಸಿದವರೂ ಅವರೇ. ದಾಂಡೇಲಿಯ ಲಾರಿ ಡ್ರೈವರುಗಳಿಗೆ ಅದು ಗೊತ್ತು. ಬಸ್ಸಿನಲ್ಲಿ ಒಂದು ಸೀಟಿ ನಿಲ್ಲು, ಎರಡು ಸೀಟಿ ರೈಟ್, ಗಾಡಿ ಸಾಗಲಿ. ಬಸ್ಸಿನಲ್ಲಿ ನಾನು ಹತ್ತಿ ಇಳಿದಿಲ್ಲವೇ? ದಿನಾ ಕೇಳಿದ್ದೇನೆ. ಎರಡನ್ನೂ ಕೂಡಿಸಿ ನೋಡಲಿಲ್ಲ.

ಅವರು ನಿಲ್ಲು ಎಂದು ಊದಿದರು. ನಿಮ್ಮ ಮಗ ಬಾ ಎಂದು ಕೇಳಿಸಿಕೊಂಡ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ.

ಇನ್ನೊಂದು ಇದೆ. ಇದನ್ನು ನನ್ನ ವಹಿಯಲ್ಲೂ ಬರೆದಿರಲಿಲ್ಲ. ಅವರು ಹೋಗುವುದಕ್ಕೆ ಮೂರು ತಿಂಗಳ ಮೊದಲು ಹಾವೇರಿಯ ಒಂದು ಜೀಪು ಹೀಗೇ ಎರಡು ಸೀಟಿಗೆ ನಿಲ್ಲದೆ ಬಂದು ಮಾವಿನ ಮರಕ್ಕೆ ತಾಗಿತ್ತು. ಅಂತೋನಿ "ಹಾವೇರಿ ಮಂದಿ ಕಿವಿ ಮನ್ಯಾಗ ಇಟ್ಟು ಬರ್ತಾರ" ಎಂದರು. ನಾನೂ ನಕ್ಕೆ. ಅವತ್ತು ನಗುವ ಬದಲು ಯಾಕೆ ಎಂದು ಒಂದು ಮಾತು ಕೇಳಿದ್ದರೆ?

ಕಾಯತಾನನಿಗೆ ಇದನ್ನೆಲ್ಲ ಹೇಳಿದೆ. ಊಟದ ತಟ್ಟೆ ಸರಿಸಿದ. "ಅಣ್ಣಗ ಸೀಟಿ ಊದಾಕ ಬರ್ತಿದ್ದಿಲ್ಲ ಅಂತ ಕೋರ್ಟಿನ್ಯಾಗ ಹೇಳ್ತಿಯೇನು ವೈನಿ? ಸತ್ತಾಂವಗ ಬಾಯಿಲ್ಲ ಅಂತನ?"

ಅಂದಾನೆಪ್ಪ ಅವರಿಗೂ ಹೇಳಿದೆ. ಪುಣೆಯಿಂದ ಬಂದ ಮೇಲೆ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿಸಿದ್ದೇನೆ. ಗಾಡಿ ಈಗ ಬಂದ ಕೂಡಲೇ ಹಿಂದಕ್ಕೆ ಸರಿದು ನಿಲ್ಲುತ್ತದೆ. ಜನಕ್ಕೆ ಬೇರೆ ದಾರಿ ಇದೆ. ಸೀಟಿ ಒಂದೇ, ನಿಲ್ಲು ಎನ್ನುವುದಕ್ಕೆ ಮಾತ್ರ. ಬಾ ಎನ್ನುವುದನ್ನು ಡ್ರೈವರನ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಕೈಯಿಂದ ತೋರಿಸಬೇಕು. ಗೇಟಿನಲ್ಲಿ ಫಲಕ ಬರೆಸಿದೆ. ಟ್ಯಾಕ್ಸಿಯವರು "ಸುಮ್ಮನಿರ್ರಿ, ಟೀಚರ್ ಬಂದ್ರು" ಎಂದು ಚಾಷ್ಟಿ ಮಾಡಿದರೂ ಗೆರೆಯೊಳಗೇ ನಿಲ್ಲಿಸುತ್ತಾರೆ. ಅಂದಾನೆಪ್ಪ ಖುಷಿಯಾಗಿ ನನ್ನನ್ನು ಮೇಲ್ವಿಚಾರಕಿ ಮಾಡಿದ್ದಾರೆ. ಜೋಯಿಡಾ ಕಡೆಯ ಅವರ ಇನ್ನೆರಡು ಬಯಲಿಗೂ ಹೋಗಿ ಕಲಿಸು ಎಂದಿದ್ದರು. ಕೋರ್ಟಿನ ಮಾತು ಎತ್ತಿದ ಕೂಡಲೇ ದನಿ ಬದಲಾಯಿತು. "ಬಯಲಿನ್ಯಾಗ ಒಂದು ಪದ್ಧತಿ ಇದ್ದಿಲ್ಲ ಅಂತ ನೀ ಹೇಳಿದರ ನಾಳೆ ನನ್ನ ಕರೀತಾರ. ಎರಡು ಸೀಟಿ ಊದಿದ್ದು ಖರೇ ಐತಿ. ಅಷ್ಟು ಹೇಳು, ಇಳದು ಬಾ."

ಅಷ್ಟು ಹೇಳಿದರೆ ನಿಮ್ಮ ಮಗ ಜೈಲಿಗೆ ಹೋಗಬಹುದು. ಏನು ಮಾಡಲಿ ಎಂದು ನಾನು ಇನ್ನೂ ನಿರ್ಧಾರ ಮಾಡಿಲ್ಲ. ನಿಮಗೆ ಆಸೆ ಹುಟ್ಟಿಸಲು ಇದನ್ನು ಬರೆದದ್ದಲ್ಲ.

ಅಂತೋನಿಗೆ ಒಣಮೀನಿನ ಸಾರು, ಕುಚ್ಚಲಕ್ಕಿ ಅನ್ನ ಸೇರುತ್ತಿತ್ತು. ಸಾರಿಗೆ ಹುಳಿ ಮುಂದಾಗಿರಬೇಕು.

ನಾಳೆ ಜೋಯಿಡಾದ ಬಯಲು ನೋಡಲು ಹೋಗುತ್ತೇನೆ.

ಸೆಲಿನ್


ಮುಂಡಗೋಡ
೧೬ ಮಾರ್ಚ್ ೨೦೨೫

ಮಗಳ ಸೆಲಿನ್,

ನಿನ್ನ ಪತ್ರ ಮೂರು ಸಲ ಓದಿದೆ. ನಿನ್ನ ಮ್ಯಾಲೆ ಸಿಟ್ಟಾಗಿ ಬರದೆನಲ್ಲ, ಅದನ್ನ ಹರದು ಒಲಿಗೆ ಹಾಕು.

ರಾತ್ರಿ ಇಮ್ರಾನಗ ಓದಿ ಹೇಳಿದೆ. ಅಂವ ಗ್ವಾಡಿಗೆ ಮುಖಾ ಮಾಡಿ ಕುಂತಿದ್ದ. ಈ ಕಡೆ ತಿರುಗಿ, "ಅಮ್ಮಿ, ಹಂಗಾರ ಅವರು ನನ್ನ ಕರದಿದ್ದಿಲ್ಲ. ನಿಲ್ಲು ನಿಲ್ಲು ಅಂತ ಒದರ್ಯಾರ" ಅಂದ. ನಾ ಅಂದೆ, ನಿನ್ನ ತಪ್ಪು ಅಲ್ಲೋ ಬೇಟಾ, ಈಗರ ಎದಿ ಹಗುರ ಮಾಡ್ಕೋ ಅಂತ. ಅಂವ ಹಗುರ ಆಗಲಿಲ್ಲ. "ಎರಡನೇ ಸೀಟಿ ಕೇಳಿ ಕನ್ನಡಿ ನೋಡೂದು ಬಿಟ್ಟೆ ಅಮ್ಮಿ. ಕರದಾರಲ್ಲ ಅಂತ ಬಿಟ್ಟೆ. ಅದು ನನ್ನದ" ಅಂದ. ಇದನ್ನ ವಕೀಲರಿಗೂ ಹೇಳಿದ್ದಿಲ್ಲ ಅಂವ. ನಿನಗ ಬರಿ ಅಂದ.

ಈಗ ನನ್ನ ಮಾತು ಕೇಳು. ನೀ ಇದನ್ನ ಕೋರ್ಟಿನ್ಯಾಗ ಹೇಳಬ್ಯಾಡ. ನಾ ಹಡದಾಕಿ ಹೇಳಾಕತ್ತೇನಿ, ಹೇಳಬ್ಯಾಡ. ನಿನಗ ಹನ್ನೊಂದು ವರ್ಷದ ಮ್ಯಾಲೆ ಒಂದು ಹುದ್ದೆ ಬಂದೈತಿ. ಮೈದುನ ಒಬ್ಬ ಅದಾನ, ಅಂವನೂ ಮುಖಾ ತಿರುವಿದರ ಮನಿಗೆ ಯಾರು ಬರ್ತಾರ? ನನ್ನ ಮಗಾ ಜೀವಂತ ಅದಾನ. ಎರಡು ವರ್ಷ ಒಳಗ ಹೋದರೂ ತಿರುಗಿ ಬರ್ತಾನ. ನಿನ್ನ ಗಂಡ ಬರಂಗಿಲ್ಲ. ಅವನ ಹೆಸರರ ನಿನಗ ಉಳೀಲಿ.

ಶುಕ್ರವಾರ ಇಫ್ತಾರಿಗೆ ಒಣಮೀನಿನ ಸಾರು ಮಾಡಿದ್ದೆ. "ರೋಜಾ ಬಿಡಾಕ ಒಣಮೀನ ಏನವಾ ಹಜರಾಬಿ, ಆಮ್ಯಾಲೆ ಕೊಡಗಟ್ಟಲೆ ನೀರು ಕುಡಿಬೇಕು" ಅಂತ ಓಣಿಯವರು ನಕ್ಕರು. ನಾಲ್ಕು ಮಂದೀನ ಕರದಿದ್ದೆ, ಒಂಬತ್ತು ಮಂದಿ ಉಂಡರು. ತಪೇಲಿ ತೊಳದಂಗ ಆಗಿತ್ತು. ಅಂತೋನಿ ಹೆಸರು ಹೇಳೇ ಉಣಿಸೀನಿ.

ನಿನ್ನ
ಹಜರಾಬಿ ಅಮ್ಮ


ದಾಂಡೇಲಿ
೬ ಏಪ್ರಿಲ್ ೨೦೨೫, ಭಾನುವಾರ

ಅಮ್ಮಾ,

ಸಂಜೆ ಆರು ಗಂಟೆ. ಇವತ್ತು ನೂರಾ ಮೂವತ್ತು ಗಾಡಿ ಬಂದವು. ಎಲ್ಲವೂ ಮುಂದೆ ನೋಡಿಕೊಂಡೇ ಹೋದವು. ಒಂದು ಬಸ್ಸಿನಿಂದ ಹುಬ್ಬಳ್ಳಿಯ ಮುದುಕಿ ಒಬ್ಬರು ಇಳಿದು, ಸುಣ್ಣದ ಗೆರೆಯ ಮೇಲೇ ಹೆಜ್ಜೆ ಇಟ್ಟುಕೊಂಡು ಹೊಳೆಯವರೆಗೆ ಹೋದರು. ಅವರ ಹಿಂದೆ ಸ್ವಲ್ಪ ದೂರ ನಾನೂ ಹೋದೆ.

ಮೂರು ವಾರ ಬರೆಯಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಕೈ ಆಡಲಿಲ್ಲ. ಹೇಳು ಎಂದು ಬರೆದಿದ್ದರೆ ನನಗೆ ಸುಲಭ ಇತ್ತು, ನಿಮ್ಮನ್ನು ಸಂಶಯ ಮಾಡಿ ಸುಮ್ಮನಾಗುತ್ತಿದ್ದೆ. ಹೇಳಬೇಡ ಎಂದಿರಿ.

ನಿನ್ನೆ ಸರಕಾರಿ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕೇಳಿದ್ದಕ್ಕಷ್ಟ ಉತ್ತರಾ ಕೊಡವಾ" ಎಂದರು. "ಕೇಳದಿದ್ದರೂ ಹೇಳ್ತೇನಿ ರೀ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಪುಣೆಯಲ್ಲಿ ಎರಡನೇ ದಿನ ಹನ್ನೆರಡು ಜನರ ಮುಂದೆ ನಿಂತು ನಮ್ಮ ಬಯಲಿನ ತಪ್ಪುಗಳನ್ನು ಬೆರಳಿಟ್ಟು ತೋರಿಸಿದ್ದೆ. ಅಲ್ಲಿ ಹಾಳೆ ನೋಡಿಕೊಂಡು ಹೇಳಿದ್ದೆ. ಇಲ್ಲಿ ವಕೀಲರ ಮುಖ ನೋಡಿಕೊಂಡೇ ಹೇಳಿದೆ.

ಅಂತೋನಿಯ ಹೆಸರು ನನಗೆ ಉಳಿಯಲಿ ಎಂದಿರಿ. ನನ್ನ ಅಂತೋನಿ ದಿನಕ್ಕೆ ನೂರು ಗಾಡಿ ಹಿಂದಕ್ಕೆ ತರಿಸಿದವರು, ಒಂದು ಮಗುವಿನ ಕಾಲೂ ತುಳಿಸಿದವರಲ್ಲ. ಅವರಿಗೆ ಯಾರೂ ಕಲಿಸಲಿಲ್ಲ. ಡಿಪೋದಲ್ಲಿ ಕಂಡದ್ದನ್ನು ತಂದು ಕೆಲಸ ಮಾಡಿದರು. ಹಾಗೆಂದು ಹೇಳಿದರೆ ಅವರ ಹೆಸರಿಗೆ ಏನೂ ಆಗುವುದಿಲ್ಲ. ಅರ್ಧ ಹೇಳಿ ಇನ್ನೊಬ್ಬ ತಾಯಿಯ ಮಗನನ್ನು ಒಳಗೆ ಕಳಿಸಿದರೆ, ಆ ಹೆಸರನ್ನು ನಾನು ಮನೆಯಲ್ಲಿ ಹೇಗೆ ಕರೆಯಲಿ?

ಏನು ಹೇಳಬೇಕು ಎಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಎರಡು ಸೀಟಿ ಕೇಳಿದೆ. ನಮ್ಮಲ್ಲಿ ಅದು ನಿಲ್ಲು, ಬಸ್ಸಿನವರಲ್ಲಿ ಅದು ಸಾಗಲಿ. ಹೊರಗಿನ ಡ್ರೈವರಿಗೆ ತಿಳಿಸುವ ಫಲಕ ಇರಲಿಲ್ಲ. ಮೊದಲೂ ಒಮ್ಮೆ ಹೀಗಾಗಿತ್ತು, ನನಗೆ ಗೊತ್ತಿತ್ತು, ನಾನು ಸುಮ್ಮನಿದ್ದೆ. ಕನ್ನಡಿಯ ಮಾತು ಇಮ್ರಾನನದು. ಅದನ್ನು ನಾನು ಹೇಳುವುದಿಲ್ಲ, ಅವನೇ ಹೇಳಬೇಕು. ಹೇಳಲಿ ಎಂದು ನನ್ನ ಆಸೆ. ಬಲವಂತ ಇಲ್ಲ.

ಕಾಯತಾನ ಇವತ್ತು ಮಧ್ಯಾಹ್ನ ಬಂದಿದ್ದ. "ನಾ ಕೋರ್ಟಿಗೆ ಬರೂದಿಲ್ಲ ವೈನಿ. ಅಣ್ಣನ ಬಗ್ಗೆ ನಿಂತು ಕೇಳೂದು ನನ್ನ ಕಡೆ ಆಗೂದಿಲ್ಲ" ಎಂದ. ಬಾ ಎಂದು ನಾನು ಒತ್ತಾಯ ಮಾಡಲಿಲ್ಲ. ಉಂಡು ಹೋಗು ಎಂದೆ, ಉಂಡ. ಹೋಗುವಾಗ ಗೇಟಿನ ಫಲಕ ಓದಿ ಸ್ವಲ್ಪ ಹೊತ್ತು ನಿಂತಿದ್ದ. ಎಲ್ಲ ಹೇಳುತ್ತೇನೆ ಎಂದ ಮೇಲೆ ಅಂದಾನೆಪ್ಪ ಮಾತು ಬಿಟ್ಟು ಎಂಟು ದಿನವಾಯಿತು. ಮೇಲ್ವಿಚಾರಕಿಯ ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿಲ್ಲ. ಕಲಿತದ್ದಂತೂ ನನ್ನ ಹತ್ತಿರವೇ ಇರುತ್ತದೆ.

ಇದನ್ನು ಟಪಾಲಿಗೆ ಹಾಕುವುದಿಲ್ಲ, ನಿಮ್ಮ ಕೈಗೇ ಕೊಡುತ್ತೇನೆ. ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾನು ಹಸಿರು ಸೀರೆ ಉಟ್ಟಿರುತ್ತೇನೆ. ಇಮ್ರಾನ್ ನನ್ನನ್ನು ಕಂಡು ತಲೆ ತಗ್ಗಿಸಿ ಆ ಕಡೆ ಹೋಗಬಾರದು ಎಂದು ಅವನಿಗೆ ಹೇಳಿ.

ನಾಳೆ ಸೋಮವಾರ. ಗೇಟಿನಲ್ಲಿ ನನ್ನ ಬದಲು ಬಯಲು ಗುಡಿಸುವ ತಾಯವ್ವ ನಿಲ್ಲುತ್ತಾಳೆ. ಹತ್ತೂವರೆಗೆ ಕೋರ್ಟು.

ಸೆಲಿನ್